ಬರಿಗೈ ಎಂಜಿನ್

"ಹಲ್ಲುನೋವಲ್ಲ ಡಾಕ್ಟ್ರೇ. ಹಲ್ಲು ಕಡಿದು ಕಡಿದು ದವಡೆ ನೋಯ್ತಿದೆ," ಎನ್ನುತ್ತ ಹೊಲಿಗೆಯಮ್ಮ ಕುರ್ಚಿಯಲ್ಲಿ ಕುಳಿತಳು. ಹಲ್ಲು ಕೀಳುವ ಕುರ್ಚಿ ಅದು. ಎಂಥೆಂಥ ಗಂಡುಗಲಿಗಳೂ ಅದರಲ್ಲಿ ಕೂತರೆ ಅರ್ಧ ಜೀವ ಹೋದವರ ಹಾಗೆ ಮುದುಡುತ್ತಿದ್ದರು. ಈಕೆ ಮಾತ್ರ ನ್ಯಾಯ ಹೇಳಲು ಬಂದವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

ಮೂಲೆಯಲ್ಲಿ ಸ್ವಿಚ್ ಬೋರ್ಡ್ ಬಿಚ್ಚಿಕೊಂಡು ಕೂತಿದ್ದ ತಮ್ಮನಿಗೆ ವಿಷಯ ಏನೆಂದು ತಟ್ಟನೆ ತಿಳಿಯಿತು. ಅವನು ಡಾಕ್ಟರಮ್ಮನ ಒಡಹುಟ್ಟಿದ ತಮ್ಮ, ಕಸುಬಿನಲ್ಲಿ ಎಲೆಕ್ಟ್ರಿಷಿಯನ್, ಹೊಲಿಗೆಯಮ್ಮ ಇದ್ದ ಪುಟಾಣಿ ರೈಲು ಕಟ್ಟುವವರ ಸಂಘದಲ್ಲೇ ಸದಸ್ಯ. ಅಕ್ಕನ ಕಸುಬು ಜನರ ಬಾಯಿ ತೆರೆಸುವುದು, ಹಲ್ಲಿಗಾಗಲಿ, ನಿಜಕ್ಕಾಗಲಿ. ಬೀದಿಯಲ್ಲಿ ಏನೇ ಕಳವಾದರೂ ಜನ ಪೊಲೀಸ್ ಠಾಣೆಗಿಂತ ಮೊದಲು ಈ ದವಾಖಾನೆಯ ಬಾಗಿಲು ತಟ್ಟುತ್ತಿದ್ದರು, ಮತ್ತು ತಮ್ಮ ಪ್ರತಿಸಲವೂ ಅವಳ ಚೀಲ ಹೊತ್ತು ಹಿಂದೆ ಹೋಗುತ್ತಿದ್ದ.

"ಕೋಪ ಯಾರ ಮೇಲೆ?" ಅಕ್ಕ ಕೈಗವಸು ಕಳಚಿದಳು.

"ಸಂಘದ ಅಧ್ಯಕ್ಷರ ಮೇಲೆ. ಅವರ ಹಿತ್ತಾಳೆ ಎಂಜಿನ್ ಕದ್ದಿದ್ದು ನಾನಂತೆ. ನಮ್ಮಂಗಡಿ ಬಾಗಿಲಲ್ಲಿ ನಿಂತು, ಗಿರಾಕಿಗಳ ಎದುರಿಗೆ, ಬೀದಿಗೆಲ್ಲ ಕೇಳೋ ಹಾಗೆ 'ಕಳ್ಳಿ' ಅಂತ ಕೂಗಿ ಹೋದ್ರು. ನಿನ್ನೆ ಇಬ್ಬರು ಬಂದು, ಹೊಲಿಯೋಕೆ ಕೊಟ್ಟ ಬಟ್ಟೆ ವಾಪಸ್ ಇಸ್ಕೊಂಡು ಹೋದ್ರು ಡಾಕ್ಟ್ರೇ! ಭಾನುವಾರ ಎಂಜಿನ್ ತಂದಿಟ್ಟು ಎಲ್ಲರೆದುರು ಕ್ಷಮೆ ಕೇಳ್ಬೇಕಂತೆ. ಇಲ್ದಿದ್ರೆ ನಾನು ಕಟ್ಟಿರೋ ಸ್ಟೇಷನ್ ಕಿತ್ತು ಕಸಕ್ಕೆ ಹಾಕಿ, ನನ್ನನ್ನೂ ಸಂಘದಿಂದ ಆಚೆ ಹಾಕ್ತಾರಂತೆ."

"ನೀವೇನಂದ್ರಿ?"

"ಕೀಳ್ರಿ ಅಂದೆ. ಮಾಡದ ತಪ್ಪಿಗೆ ಕ್ಷಮೆ ಕೇಳೋ ನಾಲಿಗೆ ನನಗಿಲ್ಲ. ಆದ್ರೆ ಕೀಳೋಕೆ ಮೊದಲು ಕಳ್ಳ ಯಾರು ಅಂತ ಗೊತ್ತಾಗ್ಬೇಕು. ಅದಕ್ಕೇ ಬಂದೆ."

ತಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾನೂ ಅವತ್ತು ಜಗಳ ಆಡ್ದೆ ಅಕ್ಕಾ. 'ನೀನು ನಿನ್ನ ವೈರು ನೋಡ್ಕೊಳಯ್ಯ' ಅಂದ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕೆಲಸ ಇದು."

ಸಂಘವೆಂದರೆ ಸೈಕಲ್ ಅಂಗಡಿಯ ಮಹಡಿಯ ಮೇಲಿನ ಒಂದೇ ಒಂದು ಕೋಣೆ. ಕೋಣೆಯ ತುಂಬ ಒಂದು ಮೇಜು, ಮೇಜಿನ ತುಂಬ ಒಂದು ಪುಟ್ಟ ಊರು. ಹಳಿ, ಸೇತುವೆ, ಸುರಂಗವಿರುವ ಗುಡ್ಡ, ವಾರ್ನಿಷ್ ಸುರಿದು ಮಾಡಿದ ಹೊಳೆ, ನಡುವೆ ಹೊಲಿಗೆಯಮ್ಮನ ಸ್ಟೇಷನ್. ಅಂಗಡಿಯಿಂದ ಬಿಡಿಭಾಗಗಳ ಡಬ್ಬ ತಂದು ಜೋಡಿಸಿದರೆ ಅದನ್ನು ಅಲ್ಲಿ 'ಡಬ್ಬದ ಕೆಲಸ' ಎನ್ನುತ್ತಿದ್ದರು. ತಗಡು, ತಂತಿ, ರಟ್ಟು ತಂದು, ಅಳೆದು, ಕತ್ತರಿಸಿ, ಪ್ರತಿಯೊಂದನ್ನೂ ಕೈಯಾರೆ ಮಾಡಿದರೆ ಅದು 'ಬರಿಗೈ ಕೆಲಸ'. ಆ ಒಂದು ಪದಕ್ಕಾಗಿ ಅಲ್ಲಿಯವರು ಕಣ್ಣು ಹಾಳುಮಾಡಿಕೊಳ್ಳುತ್ತಿದ್ದರು. ಹೊಲಿಗೆಯಮ್ಮ ಸ್ಟೇಷನ್ನಿನ ಕಿಟಕಿ ಸರಳುಗಳನ್ನು ಅಂಟಿನಲ್ಲಿ ಅದ್ದಿದ ನೂಲಿನಿಂದಲೇ ಮಾಡಿದ್ದಳು. ಅಂಥದ್ದನ್ನು ಕಸಕ್ಕೆ ಹಾಕುತ್ತೇನೆ ಎಂದವನ ಬಾಯಿಗೆ ಏನು ಹಾಕಬೇಕು, ನೀವೇ ಹೇಳಿ.

ಕಳುವಾದ ಎಂಜಿನ್ ಸಂಘದ ಕಿರೀಟ. ಅಧ್ಯಕ್ಷರು ಕನ್ನಡಕದ ಅಂಗಡಿಯವರು. ಮಸೂರ ಅರೆದು ಪಳಗಿದ ಕೈಯಿಂದ ಹಿತ್ತಾಳೆ ಕೊರೆದು ಮಾಡಿದ ಎಂಜಿನ್ ಅದು. ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಒಂದು ಕೀಲಿ ಅವರ ಬಳಿ, ಇನ್ನೊಂದು ಬಾಗಿಲ ಹಿಂದಿನ ಮೊಳೆಯಲ್ಲಿ. ಆ ಮೊಳೆ ಎಲ್ಲರಿಗೂ ಗೊತ್ತು. ಕಳುವಿನ ಹಿಂದಿನ ಸಂಜೆ ಕೊನೆಗೆ ಹೊರಟವಳು ಹೊಲಿಗೆಯಮ್ಮ, ಹೆಗಲಲ್ಲಿ ಬಟ್ಟೆ ತುಂಬಿದ ದೊಡ್ಡ ಚೀಲ. ಇಷ್ಟೇ ಸಾಕ್ಷಿ.

ಅಂದು ಸಂಜೆ ಅಕ್ಕ ತಮ್ಮನೊಡನೆ ಮಹಡಿ ಹತ್ತಿದಳು. ಬಾಗಿಲು ತೆರೆದವನು ಬೇಕರಿಯವನು. ಗುಡ್ಡ ಕಟ್ಟಿದವನು ಅವನೇ ಆದ್ದರಿಂದ ಎಲ್ಲರಿಗೂ ಅವನು 'ಗುಡ್ಡಪ್ಪ'. "ಒಲೆಯೊಳಗೆ ಬ್ರೆಡ್ಡಿದೆ, ನೀವು ನೋಡ್ತಿರಿ," ಎಂದು ಕೋಣೆಯ ಕೀಲಿ ಕೊಟ್ಟು ಕೆಳಗೆ ಓಡಿದ.

ಗಾಜಿನ ಪೆಟ್ಟಿಗೆಯಲ್ಲಿ ಉಳಿದದ್ದು ಒಂದು ತುಂಡು ಹಳಿ. ಅದರ ಮುಂದೆ, ಧೂಳಿನ ನಡುವೆ, ಅಂಗೈಯಷ್ಟು ಜಾಗ ಚೊಕ್ಕಟವಾಗಿತ್ತು.

"ಇಲ್ಲೇನಿತ್ತೋ?"

"ಚೀಟಿ. 'ಪೂರ್ತಿ ಬರಿಗೈ ಕೆಲಸ' ಅಂತ ಅಧ್ಯಕ್ಷರೇ ಬರೆದಿಟ್ಟಿದ್ರು."

"ಕಳ್ಳ ಚೀಟೀನೂ ಹೊತ್ಕೊಂಡು ಹೋದ್ನಾ? ಭಾರಿ ಅಚ್ಚುಕಟ್ಟಿನ ಮನುಷ್ಯ ಕಣೋ."

ಆಮೇಲೆ ಅವಳು ಮೇಜಿನ ಸುತ್ತ ಒಂದು ಸುತ್ತು ಬಂದಳು. ಗುಡ್ಡದ ಬಳಿ ನಿಂತು, ಮಗುವಿನ ಜ್ವರ ನೋಡುವವರ ಹಾಗೆ ಕೈಬೆನ್ನಿನಿಂದ ಅದರ ಬುಡ ಮುಟ್ಟಿದಳು, ನಡು ಮುಟ್ಟಿದಳು, ಸುರಂಗದ ಮೇಲುಭಾಗ ಮುಟ್ಟಿದಳು. ಅಲ್ಲಿ ಅವಳ ಕೈ ಸ್ವಲ್ಪ ಹೊತ್ತು ತಡೆಯಿತು. ಅಲ್ಲಿ ನೆಟ್ಟಿದ್ದ ಮರಗಳನ್ನು ತಲೆ ವಾಲಿಸಿ ನೋಡಿದಳು.

"ಈ ಮರಗಳು ಮೊದಲಿಂದ ಇದ್ವಾ?"

"ಇಲ್ಲ, ಹೊಸವು. ಗುಡ್ಡಪ್ಪಣ್ಣ ನೆಟ್ಟಿರ್ಬೇಕು. ಡಬ್ಬ ತುಂಬ ಮರ ಮಾಡಿಟ್ಟಿರೋಳು ಹೊಲಿಗೆಯಮ್ಮ." ತಮ್ಮನಿಗೆ ಮರದಲ್ಲೇನು ವಿಶೇಷವೋ ತಿಳಿಯಲಿಲ್ಲ. "ಅಕ್ಕಾ, ಎಂಜಿನ್ ಹುಡುಕೋಕೆ ಬಂದ್ವೋ ತೋಟ ನೋಡೋಕೆ ಬಂದ್ವೋ?"

"ಸುಮ್ನಿರೋ. ಎಲ್ಲರ ಮನೆ ಹುಡುಕಿದ್ರಾ?"

"ಹುಡುಕಿದ್ವಿ. ಅಧ್ಯಕ್ಷರೇ 'ಮೊದಲು ನನ್ನ ಮನೆ ನೋಡಿ' ಅಂದ್ರು."

"ಈ ಕೋಣೆ?"

"ಕಳುವಾದ ಜಾಗದಲ್ಲೇ ಕದ್ದ ಮಾಲು ಯಾರಾದ್ರೂ ಇಡ್ತಾರಾ?"

ಅಕ್ಕ ಖಾಲಿ ಪೆಟ್ಟಿಗೆಯತ್ತ ತಿರುಗಿದಳು. "ಆ ಎಂಜಿನ್ ಯಾರಾದ್ರೂ ಕೈಯಲ್ಲಿ ಹಿಡಿದು ನೋಡಿದ್ದುಂಟಾ?"

"ಅಯ್ಯೋ, ಮುಟ್ಟೋಕೆ ಬಿಟ್ರೆ ತಾನೆ! ಮುಂದಿನ ತಿಂಗಳು ಸ್ಪರ್ಧೆಯಲ್ಲಿ ತೀರ್ಪುಗಾರರು ನೋಡೋರು. ಬರಿಗೈ ವಿಭಾಗದಲ್ಲಿ ತಲೆಕೆಳಗು ಮಾಡಿ, ಸ್ಕ್ರೂ ಬಿಚ್ಚಿ ನೋಡ್ತಾರೆ. ಅಧ್ಯಕ್ಷರು ಪ್ರತಿವರ್ಷ 'ಬೇಡ, ಬೇಡ' ಅಂತಿದ್ರು. ಈ ಸಲ ಹೊಲಿಗೆಯಮ್ಮನೇ ಅಭಿಮಾನದಿಂದ ಸ್ಪರ್ಧೆಯವರಿಗೆ ಫೋನ್ ಮಾಡಿ ಎಂಜಿನ್ ಹೆಸರು ಕೊಟ್ಟುಬಿಟ್ಲು. ಕೇಳಿ ಅವರ ಮುಖ ಕೆಂಪಾಯ್ತು. ಪಾಪ, ಸಂಕೋಚ ಅಂದ್ಕೊಂಡ್ವಿ."

"ಪಾಪ," ಎಂದಳು ಅಕ್ಕ, ಚೀಲ ಅವನ ಕೈಗೆ ಕೊಡುತ್ತ.

ಭಾನುವಾರ ಬೆಳಗ್ಗೆ ನಾಲ್ವರು ಸದಸ್ಯರೂ ಮೇಜಿನ ಸುತ್ತ ಸೇರಿದರು, ಜೊತೆಗೆ ಅಕ್ಕ. ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಉಳಿ ಹಿಡಿದು ಸ್ಟೇಷನ್ನಿನ ಪಕ್ಕದಲ್ಲೇ ನಿಂತಿದ್ದರು.

"ನೋಡಮ್ಮ, ಕೊನೇ ಸಲ ಕೇಳ್ತೀನಿ. ತಪ್ಪಾಯ್ತು ಅಂತ ಒಂದ್ಮಾತು ಹೇಳು, ಮರೆತುಬಿಡೋಣ."

"ಹೇಳಲ್ಲ," ಎಂದಳು ಹೊಲಿಗೆಯಮ್ಮ. "ಉಳಿ ಹಿಡ್ಕೊಂಡು ಯಾರನ್ನ ಹೆದರಿಸ್ತೀರಿ? ನನ್ನ ಕೈ ಇದೆ. ಇಂಥಾ ಇನ್ನೊಂದು ಸ್ಟೇಷನ್ ಕಟ್ತೀನಿ."

ಅಕ್ಕ ನಡುವೆ ಕೈಯೊಡ್ಡಿದಳು. "ಉಳಿ ಇಲ್ಲಿ ಕೊಡಿ ಅಧ್ಯಕ್ಷರೇ. ಗುಡ್ಡಪ್ಪಣ್ಣ, ನಿಮ್ಮನ್ನ ಒಂದು ಕೇಳ್ತೀನಿ. ಸುರಂಗದ ಮೇಲೆ ಆ ಮರಗಳನ್ನ ನೆಟ್ಟಿದ್ದು ನೀವಾ?"

ಗುಡ್ಡಪ್ಪ ಮುಜುಗರದಿಂದ ಕತ್ತು ತುರಿಸಿಕೊಂಡ. "ನಾನಲ್ಲ. ನೋಡಿ ಹೊಟ್ಟೆ ಉರೀತು. ಹೊಲಿಗೆಯಮ್ಮ ನೆಟ್ಟಿರ್ಬೇಕು, ಹೆಣ್ಮಗಳ ಮನಸ್ಸು ನೋಯಿಸೋದ್ಯಾಕೆ ಅಂತ ಸುಮ್ನಿದ್ದೆ."

"ನಾನಾ!" ಹೊಲಿಗೆಯಮ್ಮ ಉರಿದುಬಿದ್ದಳು. "ಕಳ್ಳಿ ಅಂದಿದ್ದನ್ನಾದ್ರೂ ತಡ್ಕೋಬಹುದು, ಇಂಥಾ ಮರ ನೆಟ್ಟೋಳು ಅಂದ್ರೆ ತಡ್ಕೊಳಲ್ಲ! ನೀವು ನೆಟ್ಟಿದ್ದು ಅಂದ್ಕೊಂಡು ನಾನು ಬಾಯಿ ಮುಚ್ಕೊಂಡಿದ್ದೆ."

"ಮರಕ್ಕೆ ಏನಾಗಿದೆ?" ಎಂದ ತಮ್ಮ. ಇಬ್ಬರೂ ಅವನನ್ನು ಕನಿಕರದಿಂದ ನೋಡಿದರು.

"ಇಳಿಜಾರಲ್ಲಿ ಬೆಳೆಯೋ ಮರ ಎತ್ತ ನೋಡುತ್ತೋ?" ಅಕ್ಕ ಕೇಳಿದಳು. "ಆಕಾಶಕ್ಕೆ. ಇವು ನೋಡು, ಗೋಡೆಗೆ ಮೊಳೆ ಹೊಡೆದ ಹಾಗೆ, ಇಳಿಜಾರಿಗೆ ನೇರವಾಗಿ ಪಕ್ಕಕ್ಕೆ ಚಾಚ್ಕೊಂಡಿವೆ. ಗುಡ್ಡ ಕಟ್ಟೋನು, ಮರ ಮಾಡೋಳು ಈ ತಪ್ಪು ಸತ್ರೂ ಮಾಡಲ್ಲ. ಜೀವಮಾನವೆಲ್ಲ ಬರೀ ಎಂಜಿನ್ ನೋಡಿದೋರು ಮಾಡ್ತಾರೆ. ಇಲ್ಲಾ ಬರೀ ವೈರು ನೋಡಿದೋರು."

"ಅಕ್ಕಾ! ನನ್ನ ಮೇಲೂನಾ?"

"ಅನುಮಾನಕ್ಕೆ ಅಕ್ಕ ತಮ್ಮ ಇಲ್ಲ. ಆದ್ರೆ ನೀನು ನೆಟ್ಟಿದ್ರೆ ಮರಮರಕ್ಕೂ ಒಂದೊಂದು ಬಲ್ಬ್ ಹಾಕಿರ್ತಿದ್ದೆ." ಗುಡ್ಡಪ್ಪ ನಕ್ಕುಬಿಟ್ಟ. ಅಧ್ಯಕ್ಷರು ನಗಲಿಲ್ಲ. "ಎರಡನೇದು ಕೇಳಿ. ಗುಡ್ಡದ ಮೈ ಪ್ಲಾಸ್ಟರು. ಬಾಯಿ ಅಚ್ಚು ತೆಗೆಯೋಕೆ ನಾನೂ ದಿನಾ ಪ್ಲಾಸ್ಟರ್ ಕಲಸ್ತೀನಿ. ಮೇಲೆ ಗಟ್ಟಿಯಾದ್ರೂ ಒಳಗೆ ಹಸಿ ಇರೋ ತನಕ ಅದು ಕೈಗೆ ತಣ್ಣಗೆ ಹತ್ತುತ್ತೆ. ಈ ಗುಡ್ಡ ಕಟ್ಟಿ ವರ್ಷಗಳಾಯ್ತು, ಎಲ್ಲಾ ಕಡೆ ಒಣಗಿದೆ. ಆ ಮರಗಳ ಬುಡ ಮಾತ್ರ ತಣ್ಣಗಿದೆ. ಯಾರೋ ಈಚೆಗೆ ಗುಡ್ಡ ಕೊರೆದು, ಮುಚ್ಚಿ, ಮುಚ್ಚಿದ್ದು ಕಾಣದ ಹಾಗೆ ಮರ ನೆಟ್ಟಿದಾರೆ."

"ಗುಡ್ಡ ಮುಟ್ಟಬೇಡಿ!" ಅಧ್ಯಕ್ಷರ ದನಿ ಏರಿತು. "ಇದು ಸಂಘದ ಆಸ್ತಿ. ನಾನು ಅಧ್ಯಕ್ಷ, ನಾನು ಬಿಡಲ್ಲ."

"ನಾನು ಹಲ್ಲಿನ ಡಾಕ್ಟರು. ಒಳಗೆ ಹುಳುಕಿದ್ರೆ ಮೇಲಿನ ಹೊಳಪು ನೋಡಿ ಬಿಡೋ ಅಭ್ಯಾಸ ನನಗಿಲ್ಲ. ಗುಡ್ಡ ಗುಡ್ಡಪ್ಪಣ್ಣಂದು, ಅವರು ಬೇಡ ಅಂದ್ರೆ ನಿಲ್ಲಿಸ್ತೀನಿ."

ಗುಡ್ಡಪ್ಪ ಒಂದು ಸಲ ಗುಡ್ಡವನ್ನೂ ಒಂದು ಸಲ ಹೊಲಿಗೆಯಮ್ಮನನ್ನೂ ನೋಡಿದ. "ಒಡೀರಿ," ಎಂದ. "ಗುಡ್ಡ ಮತ್ತೆ ಕಟ್ಟಬಹುದು."

ಉಳಿಯ ಎರಡೇಟಿಗೆ ತೇಪೆ ಬಿರಿಯಿತು. "ಬಿಳಿ!" ಗುಡ್ಡಪ್ಪ ಕೂಗಿದ. "ಮಣ್ಣಿನ ಬಣ್ಣ ಬೆರೆಸದೆ ನಾನು ಪ್ಲಾಸ್ಟರ್ ಕಲಸೋದೇ ಇಲ್ಲ!" ಟೊಳ್ಳು ಗುಡ್ಡದೊಳಗಿಂದ ಅಕ್ಕ ಒಂದು ಗಂಟು ಎತ್ತಿದಳು. ಪದರ ಪದರವಾಗಿ ಸುತ್ತಿದ ಮೆತ್ತನೆಯ ಬಟ್ಟೆ. ಬಿಡಿಸಿದರೆ ಎಂಜಿನ್, ಎಣ್ಣೆ ಸವರಿ ಮಿರಮಿರನೆ ಮಿಂಚುತ್ತಿತ್ತು. ಅದರ ಹೊಟ್ಟೆಯಡಿ ಮಡಿಸಿಟ್ಟ ಚೀಟಿ.

"ಈ ಬಟ್ಟೆ ಕನ್ನಡಕ ಒರೆಸೋದು," ಎಂದಳು ಹೊಲಿಗೆಯಮ್ಮ ಅಂಚು ಮುಟ್ಟಿ ನೋಡಿ. "ಬಟ್ಟೆ ವಿಷಯದಲ್ಲಿ ನನಗೆ ಮೋಸ ಮಾಡೋಕಾಗಲ್ಲ."

"ಮಾರೋಕೆ ಕದ್ದೋರು ಮಾರ್ತಾರೆ, ಹೊಟ್ಟೆಕಿಚ್ಚಿಗೆ ಕದ್ದೋರು ಮುರೀತಾರೆ," ಅಕ್ಕ ಹೇಳಿದಳು. "ತೇವ ತಾಗಬಾರದು ಅಂತ ಎಣ್ಣೆ ಸವರಿ ಮಲಗಿಸೋರು ಅದನ್ನ ಪ್ರೀತಿಸೋರು. ಸ್ಪರ್ಧೆ ಮುಗಿಯೋ ತನಕ ಅಡಗಿಸಿಟ್ಟು, ಆಮೇಲೆ ತೆಗೆಯೋ ಲೆಕ್ಕಾಚಾರ. ಮನೆ ಹುಡುಕಿ ಅಂತ ತಾವೇ ಹೇಳಿದೋರು ಮನೇಲಿ ಇಡೋ ಹಾಗಿಲ್ಲವಲ್ಲ. ಸ್ಪರ್ಧೆಗೆ ಯಾಕೆ ಹೆದರಿದ್ರು? ಅದನ್ನ ಚೀಟಿ ಹೇಳುತ್ತೆ. ಕಳ್ಳನಿಗೆ ಎಂಜಿನ್ ಸಾಕು, 'ಬರಿಗೈ' ಅನ್ನೋ ಪದ ಯಾಕೆ ಬೇಕು? ಆ ಪದ ಯಾರಿಗೆ ಚುಚ್ತಾ ಇತ್ತೋ ಅವರಿಗೆ ಬೇಕು. ತಮ್ಮಾ, ಬಿಚ್ಚೋ."

ತಮ್ಮ ಎಂಜಿನ್ ತಲೆಕೆಳಗು ಮಾಡಿ ಸ್ಕ್ರೂ ಬಿಚ್ಚಿದ. ಕೆಳಗಿನ ತಟ್ಟೆ ಕಳಚಿತು. ಚಕ್ರಗಳ ಚೌಕಟ್ಟಿನ ಮೇಲೆ ಕಾರ್ಖಾನೆಯ ಮುದ್ರೆ ಅಚ್ಚೊತ್ತಿ ಕೂತಿತ್ತು, ಉಗುರಿನಿಂದ ತಡವಿದರೂ ಓದಬಹುದಾದಷ್ಟು ಸ್ಪಷ್ಟವಾಗಿ.

"ಡಬ್ಬ," ಎಂದ ಗುಡ್ಡಪ್ಪ. ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ.

"ಚಕ್ರ ಮಾತ್ರ! ಚಕ್ರ, ಮೋಟರು ಮಾತ್ರ!" ಅಧ್ಯಕ್ಷರು ಮೇಜು ಗುದ್ದಿದರು. ಪುಟ್ಟ ಊರೆಲ್ಲ ನಡುಗಿತು. "ಮೇಲಿನದೆಲ್ಲ ನಂದೇ. ಬಾಯ್ಲರು, ಹೊಗೆಗೂಡು, ಒಂದೊಂದು ರಿವೆಟ್ಟೂ ನಂದು. ಚಕ್ರ ಎಷ್ಟು ಸಲ ಮಾಡಿದ್ರೂ ಸೊಟ್ಟಗಾಗ್ತಿತ್ತು. ಒಂದ್ಸಲ ಬರಿಗೈ ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ನೀವೆಲ್ಲ ಚಪ್ಪಾಳೆ ಹೊಡೆದ್ರಿ. ಆಮೇಲೆ ಹೇಗೆ ನುಂಗ್ಲಿ ಮಾತನ್ನ?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಸರಿ. ಆದರೆ ಆ ಮುಖ ನೋಡಿ ತಮ್ಮನಿಗೆ ಒಂದು ಗಳಿಗೆ ಮರುಕವೂ ಆಯಿತು. ಹೊಲಿಗೆಯಮ್ಮ ಎಂಜಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬೆಳಕಿಗೆ ಹಿಡಿದು, ರಿವೆಟ್ಟಿನ ಸಾಲುಗಳ ಮೇಲೆ ಬೆರಳಾಡಿಸಿದಳು.

"ಎಷ್ಟು ಚೆಂದ ಮಾಡಿದೀರಿ," ಎಂದಳು. "ಚಕ್ರ ಅಂಗಡೀದು, ಉಳಿದಿದ್ದು ನಂದು ಅಂದಿದ್ರೆ ಯಾರು ಬೇಡ ಅಂತಿದ್ರು? ನಿಮ್ಮ ಒಂದು ಪದ ಉಳಿಸ್ಕೊಳ್ಳೋಕೆ ನನ್ನ ಹೆಸರು ಮಣ್ಣು ಮಾಡಿದ್ರಲ್ಲ!"

ಅಧ್ಯಕ್ಷರು ತಲೆ ತಗ್ಗಿಸಿದರು. "ತಪ್ಪಾಯ್ತಮ್ಮ. ರಾಜೀನಾಮೆ ಕೊಡ್ತೀನಿ. ಆದ್ರೆ ವಿಷಯ ಈ ಕೋಣೇಲೇ ಇರ್ಲಿ. ಅಂಗಡಿ ನಡೆಸೋನು ನಾನು."

ಗುಡ್ಡಪ್ಪ ಮೆತ್ತಗಾದ. "ಹೋಗ್ಲಿ ಬಿಡಮ್ಮ, ದೊಡ್ಡೋರು ಕೇಳ್ತಿದಾರೆ."

"ಬಿಡಲ್ಲ," ಎಂದಳು ಹೊಲಿಗೆಯಮ್ಮ. "ನಾನೂ ಅಂಗಡಿ ನಡೆಸೋಳೇ. ನನ್ನನ್ನ ಕಳ್ಳಿ ಅಂದಿದ್ದು ಕೋಣೇಲಲ್ಲ, ಬೀದೀಲಿ. ತಪ್ಪಾಯ್ತು ಅನ್ನೋದೂ ಬೀದೀಲೇ. ಇಳೀರಿ ಕೆಳಗೆ."

ಗುಡ್ಡಪ್ಪ ಬೆಂಬಲಕ್ಕಾಗಿ ಅಕ್ಕನ ಕಡೆ ತಿರುಗಿದ. ಅಕ್ಕ ಬಾಗಿಲು ತೆರೆದು ಹಿಡಿದು ನಿಂತಿದ್ದಳು.

ಎಲ್ಲರೂ ಮೆಟ್ಟಿಲಿಳಿದು ರಸ್ತೆ ದಾಟಿ ಹೊಲಿಗೆ ಅಂಗಡಿಯ ಮುಂದೆ ನಿಂತರು. ಸೈಕಲ್ ಅಂಗಡಿಯವನು ಟೈರಿಗೆ ಗಾಳಿ ಹಾಕುತ್ತಿದ್ದ, ಬಟ್ಟೆ ವಾಪಸ್ ಒಯ್ದಿದ್ದವರಲ್ಲಿ ಒಬ್ಬಾಕೆ ತರಕಾರಿ ಆರಿಸುತ್ತಿದ್ದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಇವರು ಕದ್ದಿಲ್ಲ, ಸುಳ್ಳು ಹೇಳಿದ್ದು ನಾನು," ಎಂದರು. ಅದು ಅವರದೇ ಕಿವಿಗಾದರೂ ಬಿತ್ತೋ ಇಲ್ಲವೋ.

ಹೊಲಿಗೆಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅವತ್ತು ಇಷ್ಟು ಮೆಲ್ಲಗೆ ಕೂಗಿರ್ಲಿಲ್ಲ ನೀವು," ಎಂದಳು. "ಇನ್ನೊಂದ್ಸಲ."

ಸೈಕಲ್ ಅಂಗಡಿಯವನು ಪಂಪು ನಿಲ್ಲಿಸಿದ. ಅಧ್ಯಕ್ಷರು ಉಸಿರು ತುಂಬಿಕೊಂಡು ಮತ್ತೆ ಹೇಳಿದರು. ಈ ಸಲ ಎದುರು ಮನೆಯ ಮಹಡಿಯ ಕಿಟಕಿಯೂ ತೆರೆಯಿತು.