ಕೆರೆಗೆ ಕಳ್ಳಿಹಾಲು

ಊರವರೆಲ್ಲರ ಎದುರಿಗೆ ಚಿಕ್ಕೀರಪ್ಪ ಒಂದು ತಂಬಿಗೆ ಕೆರೆ ನೀರು ತಂದಿಟ್ಟು, "ಕುಡೀರಿ ಸಾವ್ಕಾರ್ರೆ" ಅಂದದ್ದನ್ನು ಮರುಳಪ್ಪ ಮರೆಯಲಿಲ್ಲ.

ಅವನು ಬೈದಿದ್ದರೆ ಮರುಳಪ್ಪ ತಿರುಗಿ ಬೈಯುತ್ತಿದ್ದ. ಕೈಯೆತ್ತಿದ್ದರೆ ಚಳ್ಳಕೆರೆಯ ಠಾಣೆಗೆ ಹೋಗುತ್ತಿದ್ದ. ಕುರಿ ಕಾಯುವ ಆ ಮನುಷ್ಯ ಎರಡನ್ನೂ ಮಾಡಲಿಲ್ಲ. ತಂಬಿಗೆ ಇಟ್ಟು, ಹೆಗಲ ಕಂಬಳಿ ಸರಿಮಾಡಿಕೊಂಡು, ಕೈಕಟ್ಟಿ ನಿಂತ. ನೀರಿನ ಮೇಲೆ ಬೆಳ್ಳನೆಯ ಪೊರೆಯಿತ್ತು. ಸುಣ್ಣ ಮತ್ತು ಕೊಳೆತ ಚರ್ಮದ ನಾತ ಮೂಗಿಗೆ ಬಡಿಯಿತು. ಮರುಳಪ್ಪನ ಕೈ ತಂಬಿಗೆಯ ಕಡೆ ಹೋಗಲಿಲ್ಲ. ಹೆಂಗಸರ ಗುಂಪಿನಲ್ಲಿ ಯಾರೋ ನಕ್ಕರು. ಆ ನಗು ಅವನ ಜೊತೆಯಲ್ಲೇ ಮನೆಗೆ ಬಂತು, ಊಟಕ್ಕೆ ಕೂತಿತು, ಪಕ್ಕದಲ್ಲೇ ಮಲಗಿತು.

ನನ್ನಿವಾಳದ ಆಚೆಯ ಆ ಸಣ್ಣ ಊರಿನಲ್ಲಿ ಅವನೊಬ್ಬನೇ ಉಣ್ಣೆ ವ್ಯಾಪಾರಿ. ಮೊಳಕಾಲ್ಮೂರಿನ ಕಡೆಯ ಕಂಬಳಿ ಮಗ್ಗಗಳಿಗೂ ಅವನದೇ ಉಣ್ಣೆ ಹೋಗುತ್ತಿತ್ತು. ಬದುಕಿದ ಕುರಿಯ ಉಣ್ಣೆ ಸಾಲದಾದಾಗ ಅವನು ಸತ್ತ ಕುರಿಗಳ ಚರ್ಮ ಕೊಳ್ಳತೊಡಗಿದ. ಸುಣ್ಣದ ನೀರಿನಲ್ಲಿ ನೆನೆಹಾಕಿದರೆ ಉಣ್ಣೆ ಹಿಡಿಹಿಡಿಯಾಗಿ ಕಿತ್ತು ಬರುತ್ತಿತ್ತು. ಅದಕ್ಕೆಂದು ಕೆರೆಗೆ ನೀರು ತರುವ ಹಳ್ಳದ ದಂಡೆಯಲ್ಲೇ ಗುಂಡಿ ತೋಡಿಸಿದ. ಗುಂಡಿಯ ಕೊಳಕು ಹಳ್ಳಕ್ಕೆ, ಹಳ್ಳ ಕೆರೆಗೆ. ಅವನ ಮನೆಯ ಹಿತ್ತಲಲ್ಲಿ ಸ್ವಂತ ಬಾವಿಯಿತ್ತು. ಅವನು ಕೆರೆಯ ಏರಿ ಹತ್ತಿ ವರ್ಷಗಳೇ ಆಗಿದ್ದವು.

ಮಕ್ಕಳ ಮೈಮೇಲೆ ಹುಣ್ಣೆದ್ದವು. ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಮೊದಮೊದಲು ಜನ ಬಂದು ಕೈಮುಗಿದರು. ಮರುಳಪ್ಪ ಎಲೆ ಅಡಿಕೆ ಕೊಟ್ಟು ಕಳಿಸಿದ. ಆಮೇಲೆ ಅವರು ಬರುವುದು ನಿಂತಿತು. ಒಂದು ಬೆಳಿಗ್ಗೆ ನೋಡಿದರೆ, ಅವನ ಗುಂಡಿಯಿಂದ ಹಳ್ಳಕ್ಕಿದ್ದ ಕಾಲುವೆಗೆ ಕಲ್ಲು ಮಣ್ಣು ಹೊತ್ತು ಹಾಕಿ ಮುಚ್ಚಿದ್ದರು. ಮನೆಗೊಬ್ಬರಂತೆ ಸರದಿ ಮೇಲೆ ಹಳ್ಳ ಕಾಯತೊಡಗಿದರು. ಕೆರೆಯಲ್ಲಿ ಕುರಿ ತೊಳೆಯುವುದನ್ನೂ ಬಟ್ಟೆ ಒಗೆಯುವುದನ್ನೂ ತಾವೇ ನಿಲ್ಲಿಸಿದರು. ಹೆಂಗಸರು ಹಳ್ಳದ ಮರಳಿನಲ್ಲಿ ಒರತೆ ತೋಡಿ, ಬೊಗಸೆ ಬೊಗಸೆ ನೀರು ತುಂಬಿಕೊಂಡು ಆ ಬೇಸಿಗೆ ಕಳೆದರು. ಚಳ್ಳಕೆರೆಯ ಅಮಲ್ದಾರರಿಗೆ ಅರ್ಜಿಯೂ ಹೋಯಿತು. ಇದೆಲ್ಲದರ ಮುಂದೆ ನಿಂತವನು ಚಿಕ್ಕೀರಪ್ಪ. ತಂಬಿಗೆ ತಂದಿಟ್ಟವನೂ ಅವನೇ.

ಎದುರು ನಿಂತು ಗೆಲ್ಲಲಾಗುವುದಿಲ್ಲ ಎಂದು ಮರುಳಪ್ಪನಿಗೆ ಬೇಗ ಅರ್ಥವಾಯಿತು. ಸೋತು ಗೆಲ್ಲುವ ದಾರಿ ಹೊಳೆದಾಗ ಅವನಿಗೆ ತನ್ನ ಬುದ್ಧಿಯ ಮೇಲೆ ಪ್ರೀತಿಯುಕ್ಕಿತು.

ಮೊದಲು ಗುಂಡಿಗಳನ್ನು ಮುಚ್ಚಿದ. ಊರೆಲ್ಲ ನೋಡುತ್ತಿರುವಾಗ ತಾನೇ ಗುದ್ದಲಿ ಹಿಡಿದು ಮೊದಲ ಮಣ್ಣು ಎಳೆದ. ಮುಂಗಾರು ಬಂತು, ಹಳ್ಳ ಹರಿಯಿತು, ಕೆರೆ ತುಂಬಿ ಕೋಡಿ ಬಿತ್ತು. ಹಳೆಯ ನೀರೆಲ್ಲ ಕೊಚ್ಚಿಹೋಗಿ ಕೆರೆ ತಿಳಿಯಾಯಿತು ಎಂದು ಜನ ಹೇಳಿದರು. ಮರುಳಪ್ಪನಿಗೆ ಬೇಕಿದ್ದುದೂ ಅದೇ. ಗುಂಡಿ ಮುಚ್ಚಿ ಒಂದು ಮಳೆಗಾಲ ಕಳೆದ ಮೇಲೂ ಕೆರೆ ಕೆಟ್ಟರೆ, ಗುಂಡಿಯದು ತಪ್ಪಲ್ಲ ಎಂದಾಯಿತು. ಅಮಲ್ದಾರರು ಪರಿಶೀಲನೆಗೆ ಬಂದ ದಿನವೇ ಕೆಟ್ಟರೆ ಇನ್ನೂ ಒಳ್ಳೆಯದು. ಹೊಟ್ಟೆ ಮೇಲಾಗಿ ತೇಲುವ ಮೀನಿನ ರಾಶಿಗಿಂತ ದೊಡ್ಡ ಸಾಕ್ಷಿ ಯಾವ ಅಧಿಕಾರಿಗೂ ಬೇಕಿಲ್ಲ.

ಮೀನು ಕೊಲ್ಲುವುದು ಅವನಿಗೆ ಹೊಸದಲ್ಲ. ಹುಡುಗನಾಗಿದ್ದಾಗ ಗೆಳೆಯರ ಜೊತೆ ಕಳ್ಳಿ ಜಜ್ಜಿ ಹಳ್ಳದ ಮಡುವಿಗೆ ಹಾಕಿದ್ದ. ಹಾಲು ನೀರಿಗೆ ಬೆರೆತ ಸ್ವಲ್ಪ ಹೊತ್ತಿಗೆ ಮೀನುಗಳು ಕುಡಿದವರಂತೆ ಸುತ್ತಿ ಸುತ್ತಿ ಮೇಲೆ ಬಂದಿದ್ದವು. ಕಳ್ಳಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಹಳ್ಳದ ಮೇಲ್ದಂಡೆಯಲ್ಲಿ ಚಿಕ್ಕೀರಪ್ಪನ ಕುರಿರೊಪ್ಪವಿತ್ತು. ಅದರ ಸುತ್ತ ಆಳೆತ್ತರದ ಕಳ್ಳಿಬೇಲಿ. ಅದನ್ನೇ ಕಡಿದರೆ ಹಾಲು ಸುರಿಯುವ ಹಸಿ ಗಾಯಗಳು ಆ ಬೇಲಿಯಲ್ಲೇ ಉಳಿಯುತ್ತವೆ. ಕೆರೆ ಕಾಯುವ ಯಜಮಾನನೇ ಕದ್ದು ಮೀನು ಹಿಡಿಯಲು ಹೋಗಿ ಊರ ನೀರಿಗೆ ವಿಷ ಹಾಕಿದ! ಇದನ್ನು ಮರುಳಪ್ಪ ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಬೇಲಿಯೇ ಹೇಳುತ್ತಿತ್ತು.

ಹೆಂಡತಿಗೂ ಹೇಳಲಿಲ್ಲ. ಆಳುಗಳನ್ನೂ ಕರೆಯಲಿಲ್ಲ. ಯಾರ ಮನೆಯಲ್ಲಾದರೂ ಸಿಗುವಂಥ ಹರಕು ಗೋಣಿಗಳನ್ನು ಆರಿಸಿಕೊಂಡ. ಮೂಟೆ ಕಟ್ಟಿ ಕಲ್ಲಿನ ಭಾರಕ್ಕೆ ಮುಳುಗಿಸಿದರೆ ಹಾಲು ಒಮ್ಮೆಗೇ ಬಿಡುವುದಿಲ್ಲ, ಒಸರುತ್ತ ಒಸರುತ್ತ ಹರಡುತ್ತದೆ. ಅಷ್ಟರಲ್ಲಿ ತಾನು ಚಳ್ಳಕೆರೆಯಲ್ಲಿರಬೇಕು.

ಹಳ್ಳ ಕಾಯುವವರಿಗೆ ಮಜ್ಜಿಗೆ ಒಯ್ದು ಕೊಡುವುದನ್ನು ಅವನು ಮಳೆಗಾಲದಿಂದಲೇ ರೂಢಿ ಮಾಡಿಕೊಂಡಿದ್ದ. ಹಾಗಾಗಿ ಅಮಲ್ದಾರರು ಬರುವ ಹಿಂದಿನ ದಿನ, ಕುರಿಗಳೆಲ್ಲ ಮೇವಿಗೆ ದೂರ ಹೋದ ಬಿಸಿಲಿನಲ್ಲಿ, ಅವನು ಗಡಿಗೆ ಹಿಡಿದು ಬಂದದ್ದು ಯಾರಿಗೂ ವಿಶೇಷವೆನಿಸಲಿಲ್ಲ. ಅಂದಿನ ಸರದಿ ಪಾತಣ್ಣನದು. ಚಿಕ್ಕೀರಪ್ಪನ ಚಿಕ್ಕಪ್ಪನ ಮಗ, ಹೊಟ್ಟೆ ತುಂಬಿದರೆ ನಿದ್ದೆ ತಡೆಯಲಾರದ ಮನುಷ್ಯ.

"ಏನ್ ಸಾವ್ಕಾರ್ರೆ, ನೀವೇ ಹೊತ್ಕಂಡ್ ಬಂದ್ರಾ? ಆಳ ಕೈಲಿ ಕಳಿಸಿದ್ರೆ ಆಗ್ತಿರಲಿಲ್ವಾ?" ಎಂದ ಪಾತಣ್ಣ.

"ಕೆರೆ ನಂದೂ ಹೌದಲ್ಲೋ. ಮಾಡಿದ ತಪ್ಪಿಗೆ ಇಷ್ಟಾದ್ರೂ ಮಾಡ್ದಿದ್ರೆ ಹೆಂಗೆ?"

ಪಾತಣ್ಣ ಗಡಿಗೆ ಎತ್ತಿ ಗಟಗಟ ಕುಡಿದ. ಬಾಯಿ ಒರೆಸಿಕೊಂಡು, ಗುಟ್ಟು ಹೇಳುವವನಂತೆ ಹತ್ತಿರ ಬಾಗಿದ. "ಚಿಕ್ಕೀರಣ್ಣ ನಿಮಗೆ ಹೇಳಬ್ಯಾಡ ಅಂದಾನೆ. ಆದ್ರೂ ಹೇಳ್ತೀನಿ. ನಾಳೆ ಅರ್ಜಿ ವಾಪಸ್ ತಗಂತೀವಿ ರೀ. ಸಾವ್ಕಾರ್ರು ತಾವಾಗೇ ಗುಂಡಿ ಮುಚ್ಚಿದ್ರು, ಅವರ ಮ್ಯಾಲೆ ನಮ್ದೇನೂ ದೂರಿಲ್ಲ ಅಂತ ಅವನೇ ಅಮಲ್ದಾರ್ರಿಗೆ ಹೇಳ್ತಾನಂತೆ."

ಮರುಳಪ್ಪ ಗಡಿಗೆ ಹಿಡಿದುಕೊಂಡು ಮನೆಗೆ ಹಿಂತಿರುಗಬಹುದಿತ್ತು. ಅರ್ಜಿ ಹೋಗುತ್ತದೆ, ಮಾನ ಉಳಿಯುತ್ತದೆ. ಆದರೆ ಆ ಮಾನವನ್ನು ಕುರಿ ಕಾಯುವವನ ಕೈಯಿಂದ ಈಸಿಕೊಳ್ಳಬೇಕು. ಚಿಕ್ಕೀರಪ್ಪ ಹಾಗೆಯೇ ಕೈಕಟ್ಟಿ ನಿಂತು, ಎಲ್ಲರ ಎದುರಿಗೆ, ಈ ಸಲ ಕ್ಷಮೆಯನ್ನು ತಂದಿಡುತ್ತಾನೆ. ಅದು ತಂಬಿಗೆಗಿಂತ ಕೆಟ್ಟದ್ದಾಗಿ ಕಂಡಿತು.

"ದೊಡ್ಡ ಮನಸು ಅವನದು," ಎಂದ ಮರುಳಪ್ಪ. "ನೀನು ಸ್ವಲ್ಪ ಒರಗಿಕೋ. ನಾನು ಇಲ್ಲೇ ಇರ್ತೀನಿ."

ಪಾತಣ್ಣ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿದ. ಅವನ ಗೊರಕೆ ಕೇಳಿದ ಮೇಲೆ ಮರುಳಪ್ಪ ರೊಪ್ಪದ ಹಿಂಬದಿಗೆ ಹೋಗಿ, ಮೊದಲೇ ಬಚ್ಚಿಟ್ಟಿದ್ದ ಗೋಣಿ, ಕುಡುಗೋಲು ತೆಗೆದ. ಕೈಗೆ ಎಣ್ಣೆ ಬಳಿದು ಬಟ್ಟೆ ಸುತ್ತಿಕೊಂಡ, ಹಾಲು ಕಣ್ಣಿಗೆ ಸಿಡಿಯದಂತೆ ಮುಖ ತಿರುಗಿಸಿ ಕಡಿದ, ಜಜ್ಜಿದ, ಗೋಣಿಗೆ ತುಂಬಿದ. ಹಳ್ಳ ಕೆರೆಗೆ ಸೇರುವ ಬಾಯಿಯಲ್ಲಿ, ಜೊಂಡಿನ ನಡುವೆ, ಮೂಟೆಗಳನ್ನು ಒಂದೊಂದಾಗಿ ಇಳಿಬಿಟ್ಟ. ಜೊಂಡು ಮತ್ತೆ ಕೂಡಿಕೊಂಡಿತು. ತಿರುಗಿ ಬಂದು ಪಾತಣ್ಣನನ್ನು ಎಬ್ಬಿಸಿ, "ನನಗೆ ಚಳ್ಳಕೆರೆಗೆ ಹೋಗೋದೈತೆ, ಬರ್ತೀನಿ" ಎಂದು ಹೇಳಿ ಹೊರಟ.

ಚಳ್ಳಕೆರೆಯಲ್ಲಿ ಎಲ್ಲವೂ ಸಲೀಸಾಯಿತು. ಸಂಜೆ ಅಮಲ್ದಾರರ ಮನೆಗೇ ಹೋಗಿ ಕೈಮುಗಿದು ನಿಂತ. "ನಾಳೆ ತಾವು ನಮ್ಮೂರಿಗೆ ದಯಮಾಡಿಸ್ತೀರಂತೆ. ನಾನೂ ಇಲ್ಲೇ ಇದೀನಿ, ತಮ್ಮ ಗಾಡಿ ಹಿಂದೆಯೇ ಬರ್ತೀನಿ" ಎಂದ. ರಾತ್ರಿ ಅವರ ಜವಾನನ ಜೊತೆ ಒಂದೇ ಛತ್ರದಲ್ಲಿ ಮಲಗಿದ. ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೆಲ್ಲಿ ಸಿಗಬೇಕು? ಬೆಳಿಗ್ಗೆ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿದ. ಹೆಚ್ಚು ಅಳಬಾರದು. ಚಿಕ್ಕೀರಪ್ಪನ ಹೆಸರೆತ್ತಬಾರದು. ಬೇಲಿ ಯಾರಾದರೂ ನೋಡುತ್ತಾರೆ.

ಊರು ಹತ್ತಿರವಾದಾಗ ಎತ್ತಿನ ಲಾಳ ನೋಡುವ ನೆಪದಲ್ಲಿ ಸ್ವಲ್ಪ ಹಿಂದುಳಿದ. ಸತ್ತ ಮೀನನ್ನು ಮೊದಲು ಅಮಲ್ದಾರರು ನೋಡಲಿ ಎಂಬುದು ಅವನ ಲೆಕ್ಕ.

ಕೆರೆ ಏರಿಯ ಮೇಲೆ ಊರೆಲ್ಲ ನಿಂತಿತ್ತು. ಗಂಡಸರು ತಲೆ ತಗ್ಗಿಸಿದ್ದರು, ಕೆಲವು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಏರಿಯ ಕೆಳಗಿನಿಂದ ನೀರು ಕಾಣುವುದಿಲ್ಲ, ಕಾಣುವುದು ಜನರ ಮುಖ ಮಾತ್ರ. ಆ ಮುಖಗಳು ಸಾಕಾಗಿದ್ದವು. ಮರುಳಪ್ಪನ ಎದೆ ಹಗುರಾಯಿತು. ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ನೆಲ ನೋಡುತ್ತ, ಭಾರವಾಗಿ ಏರಿ ಹತ್ತಿದ.

ಮುದುಕಿ ಬೋರಕ್ಕ ಅಮಲ್ದಾರರ ಎದುರು ನಿಂತು ಏನನ್ನೋ ಹೇಳಿ ಮುಗಿಸುತ್ತಿದ್ದಳು. "ದೂರು ಬ್ಯಾಡ ಅಂದ್ರು, ಬ್ಯಾಡ. ಆದ್ರೆ ಆ ಗುಂಡಿ ನೀರು ಕುಡಿದು ನನ್ನ ಮೊಮ್ಮಗ ಹೆಂಗೆ ಹೋದ ಅಂತ ನಿಮ್ಮ ಕಿವಿಗೆ ಬಿದ್ದಿರಲಿ ಸ್ವಾಮಿ. ಇನ್ನೊಂದು ಕೂಸಿಗೆ ಹಂಗಾಗಬಾರದು." ಮರುಳಪ್ಪನಿಗೆ ಆ ಮಾತು ಕೇಳಿಸಿತು, ಒಳಗೆ ಇಳಿಯಲಿಲ್ಲ. ಅವನು ತನ್ನ ಮಾತಿಗೆ ಸಿದ್ಧನಾಗುತ್ತಿದ್ದ.

"ಸ್ವಾಮಿ," ಎಂದ ಕೈಮುಗಿದು, "ಗುಂಡಿ ಮುಚ್ಚಿ ಒಂದು ಮಳೆಗಾಲ ಆತು. ಒಂದು ಹನಿ ಸುಣ್ಣ ಈ ಕಡೆ ಬಂದಿಲ್ಲ. ಆದ್ರೂ ಇವತ್ತು ಇಷ್ಟೊಂದು ಮೀನು ಸತ್ತು ತೇಲ್ತಾವೆ ಅಂದ್ರೆ, ಅದು ನನ್ನ ಪಾಪ ಹೆಂಗಾಗುತ್ತೆ? ತಾವೇ ಹೇಳಿ."

ಚಿಕ್ಕೀರಪ್ಪ ಅವನನ್ನೇ ನೋಡುತ್ತಿದ್ದ. ಅಮಲ್ದಾರರು ನಿಧಾನವಾಗಿ ಕನ್ನಡಕ ತೆಗೆದರು.

"ನಿನ್ನೆ ಸಂಜೆಯಿಂದ ನಮ್ಮ ಕಣ್ಣೆದುರಿಗೇ ಇದ್ದೀಯ. ನಮ್ಮ ಬೆನ್ನಿಗೇ ಗಾಡಿ ಹೊಡೆದುಕೊಂಡು ಬಂದೆ. ಮೀನು ಸತ್ತಿವೆ ಅಂತ ನಿನಗೆ ಹೇಳಿದವರು ಯಾರು?"

ಆಗ ಮರುಳಪ್ಪ ತಲೆಯೆತ್ತಿ ನೀರು ನೋಡಿದ. ಬಿಸಿಲಿಗೆ ಕೆರೆ ದಡದಿಂದ ದಡಕ್ಕೆ ಹೊಳೆಯುತ್ತಿತ್ತು. ಎಲ್ಲೂ ಒಂದು ಬಿಳಿ ಹೊಟ್ಟೆಯಿಲ್ಲ. "ದಾರೀಲಿ... ಯಾರೋ..." ಎಂದ. "ನನ್ನ ಕಳ್ಳಿಬೇಲಿ ಯಾಕ್ ಕಡಿದಿದ್ರು ಅಂತ ಈಗ ಗೊತ್ತಾತು" ಎನ್ನುತ್ತ ಚಿಕ್ಕೀರಪ್ಪನಾಗಲೇ ಪಂಚೆ ಮೇಲೆತ್ತಿ ಕಟ್ಟಿ, ಜವಾನನನ್ನು ಕರೆದುಕೊಂಡು ಹಳ್ಳದ ಬಾಯಿಯ ಜೊಂಡಿನ ಕಡೆ ನಡೆದಿದ್ದ.

"ಮೀನಾ?" ಎಂದಳು ಬೋರಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಈ ಕೆರೆಯಾಗೆ ಮೀನೆಲ್ಲಿ ಐತಪ್ಪಾ? ನೀನು ಗುಂಡಿ ತೋಡಿಸಿದ ವರ್ಷ, ಮೊದಲನೇ ಮಳೆಗೇ ಎಲ್ಲಾ ಸತ್ತು ದಡಕ್ಕೆ ಬಿದ್ವು. ಬುಟ್ಟೀಲಿ ಹೊತ್ತು ಹೂಳಿದ್ವಿ. ಅವತ್ತಿಂದ ಇವತ್ತಿನವರೆಗೂ ಇದರಾಗೆ ಒಂದು ಮರಿ ಕೂಡ ಆಡಿಲ್ಲ."