ಬೆನ್ನ ಹಿಂದೆ ನಿಂತಿದ್ದವರು

ಹರಿಣಾಕ್ಷಿ ಕರ್ಕೇರ ತನ್ನದೇ ಬೆನ್ನನ್ನು ನೋಡುತ್ತಿದ್ದಳು. ಜಡೆಯಿಂದ ಬಿಡಿಸಿಕೊಂಡ ನಾಲ್ಕು ಕೂದಲು ನೀಲಿ ಅಂಗಿಯ ಕಾಲರಿಗೆ ಅಂಟಿಕೊಂಡಿದ್ದವು. ಆ ಹೆಂಗಸು ತಿರುಗಿದಳು. ನಲವತ್ತೆರಡು ವರ್ಷ ಕನ್ನಡಿಯಲ್ಲಿ ಕಂಡ ಮುಖ ಅದಲ್ಲ. ಎಡ ಬಲಗಳು ಅದಲುಬದಲಾಗಿದ್ದ, ಗುರುತು ಸಿಕ್ಕಿಯೂ ಸಿಗದಂಥ ಮುಖ. "ಉಸ್ಮಾನ್, ಮೂರನೇ ಬಾಗಿಲಿನ ಎಣ್ಣೆ ಒತ್ತಡ ಎಷ್ಟುಂಟು?" ಎಂದು ಅದು ಕೇಳಿತು. ಹರಿಣಾಕ್ಷಿಯ ಬಾಯಿ ಮುಚ್ಚಿಯೇ ಇತ್ತು. ಆದರೂ ಅವಳೊಳಗಿಂದ ಗಂಡಸಿನ ದನಿಯೊಂದು ಉತ್ತರ ಹೇಳಿತು. ಹೇಳುವಾಗ ಅಂಗೈ ತಣ್ಣಗೆ ಬೆವರಿತು. ಅವಳ ಅಂಗೈಯಲ್ಲ, ಉಸ್ಮಾನನದು.

ಡಾ. ಲೀನಸ್ ಲೋಬೋ ಅವಳ ತಲೆಯಿಂದ ಯಂತ್ರದ ಟೊಪ್ಪಿಗೆಯನ್ನು ಮೆಲ್ಲನೆ ಎತ್ತಿದರು. ಕದ್ರಿ ಗುಡ್ಡದ ಮೇಲಿನ ಅವರ ಚಿಕಿತ್ಸಾಲಯದ ಕಿಟಕಿಯಲ್ಲಿ ಬೆಳಗಿನ ಬಿಸಿಲಿತ್ತು. ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಮುಟ್ಟಿ ನೋಡಿಕೊಂಡಳು. ಒಣಗಿಯೇ ಇದ್ದವು.

ಆ ಯಂತ್ರಕ್ಕೆ ಲೋಬೋ ಇಟ್ಟ ಹೆಸರು ಪರನೋಟಕ. ಒಬ್ಬ ಮನುಷ್ಯನನ್ನು ಇನ್ನೊಬ್ಬ ನೋಡಿದ ಗಳಿಗೆ ನೋಡಿದವನ ಮಿದುಳಿನಲ್ಲಿ ಅಚ್ಚಾಗಿ ಉಳಿದಿರುತ್ತದೆ. ಅದನ್ನು ಅವನ ಒಪ್ಪಿಗೆಯಿಂದ ಎತ್ತಿ ಒಂದು ಸ್ಮೃತಿಪಟ್ಟಿಯ ಮೇಲೆ ಬರೆದುಕೊಂಡು, ನೋಡಿಸಿಕೊಂಡವನ ಮಿದುಳಿನಲ್ಲಿ, ಬೇಕಾದರೆ ಬೇರೆಯವರಲ್ಲೂ, ಮತ್ತೆ ನಡೆಸಬಹುದು. ನೋಡಿದ್ದು, ಕೇಳಿದ್ದು, ಮೈಗೆ ಅನಿಸಿದ್ದು ಮಾತ್ರ ಪಟ್ಟಿಗೆ ಬರುತ್ತದೆ, ಯೋಚನೆ ಬರುವುದಿಲ್ಲ. ಹೀಗೆ ನೆನಪು ಕೊಟ್ಟವರು ನೋಟದಾನಿಗಳು. ಲೋಬೋ ಗುಣಪಡಿಸಲು ಹೊರಟಿದ್ದ ಕಾಯಿಲೆಗೂ ಅವರೇ ಹೆಸರಿಟ್ಟಿದ್ದರು: ವೇಷಭೀತಿ. ಕೆಲಸ ಬಲ್ಲವರಿಗೇ ಇದು ಹೆಚ್ಚಾಗಿ ಹಿಡಿಯುತ್ತದೆ. ತಾನು ವೇಷ ಕಟ್ಟಿ ನಿಂತವನು, ಅಸಲಿಗಳು ಬೇರೆ ಎಲ್ಲೋ ಇದ್ದಾರೆ, ಇಂದಲ್ಲ ನಾಳೆ ಯಾರಾದರೂ ಬಂದು ಬಣ್ಣ ತೊಳೆಯುತ್ತಾರೆ ಎಂಬ ಭಯ. ಅಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಹೊಗಳಿದರೆ ಇನ್ನಷ್ಟು ಹೆದರುತ್ತಾರೆ. ಆದ್ದರಿಂದ ಅವರು ಬೇರೆಯವರಿಗೆ ಹೇಗೆ ಕಾಣುತ್ತಾರೋ ಹಾಗೆಯೇ ತೋರಿಸಿಬಿಡುವುದು ಎಂಬುದು ಲೋಬೋ ಅವರ ತರ್ಕ.

ಹರಿಣಾಕ್ಷಿ ಅಳಿವೆ ಬಾಗಿಲಿನ ಮುಖ್ಯ ಎಂಜಿನಿಯರ್. ಹೊಳೆ ಕಡಲನ್ನು ಸೇರುವ ಜಾಗಕ್ಕೆ ಮೀನುಗಾರರು ಹಿಂದಿನಿಂದಲೂ ಅಳಿವೆ ಬಾಗಿಲು ಎಂದೇ ಹೇಳುತ್ತಿದ್ದರು. ಕಡಲು ಏರುತ್ತಾ ಬಂದು, ತುಫಾನಿನ ದಿನ ಉಪ್ಪುನೀರು ಊರಿನ ಅಂಗಡಿಗಳೊಳಗೆ ನುಗ್ಗತೊಡಗಿದ ಮೇಲೆ ಅಲ್ಲಿ ನಿಜಕ್ಕೂ ಬಾಗಿಲು ಬಂತು: ಆರು ಉಕ್ಕಿನ ಕದಗಳು, ಒಂದೊಂದೂ ಐದು ಮಾಳಿಗೆ ಎತ್ತರ. ಬೇಗ ಮುಚ್ಚಿದರೆ ಹೊಳೆಯ ನೆರೆ ಒಳಗೇ ನಿಂತು ಊರು ಮುಳುಗುತ್ತದೆ, ಹೊರಗಿರುವ ದೋಣಿಗಳಿಗೆ ದಾರಿಯಿಲ್ಲ. ತಡವಾಗಿ ಮುಚ್ಚಿದರೆ ಕಡಲೇ ಒಳಗೆ ಬರುತ್ತದೆ. ಆ ಗಳಿಗೆ ಯಾವುದೆಂದು ಗಣಕ ಸಲಹೆ ಕೊಡುತ್ತದೆ, ಗುಂಡಿಯನ್ನು ಮನುಷ್ಯನೇ ಒತ್ತಬೇಕು.

ಎಂಟು ವರ್ಷಗಳ ಹಿಂದಿನ ಅಕ್ಟೋಬರ್ ತುಫಾನಿನಲ್ಲಿ ಅವಳ ಬೆನ್ನ ಹಿಂದೆ ಆಗಿನ ಮುಖ್ಯಸ್ಥರಾದ ಪದ್ಮನಾಭ ಶೆಟ್ಟಿಗಾರರು ನಿಂತಿದ್ದರು. ಮುಖ್ಯಸ್ಥರು ತಡೆಯದಿದ್ದರೆ ಗುಂಡಿಯ ಬಳಿ ಇದ್ದವರದೇ ನಿರ್ಧಾರ ಎಂಬುದು ಬಾಗಿಲಿನ ನಿಯಂತ್ರಣ ಕೇಂದ್ರದ ನಿಯಮ. ಗಣಕ ಈಗಲೇ ಮುಚ್ಚಿ ಎಂದಿತ್ತು. ಹದಿನಾಲ್ಕು ದೋಣಿಗಳು ಇನ್ನೂ ಹೊರಗಿದ್ದವು. ಗುಂಡಿಯ ಮೇಲಿಟ್ಟ ಕೈಯನ್ನು ಹರಿಣಾಕ್ಷಿ ನಲವತ್ತು ನಿಮಿಷ ಒತ್ತಲಿಲ್ಲ. ಹದಿನಾಲ್ಕೂ ಒಳಗೆ ಬಂದ ಮೇಲೆ ಒತ್ತಿದಳು. ನೀರು ದಂಡೆಯ ಗೋಡೆಯ ತುದಿಗಿಂತ ಒಂದು ಗೇಣು ಕೆಳಗೆ ನಿಂತಿತು. ಊರೆಲ್ಲ ಅವಳ ಎದೆಗಾರಿಕೆಯನ್ನು ಕೊಂಡಾಡಿತು. ಶೆಟ್ಟಿಗಾರರು ನಿವೃತ್ತರಾಗುವಾಗ ತಮ್ಮ ಜಾಗಕ್ಕೆ ಅವಳ ಹೆಸರನ್ನೇ ಬರೆದು ಹೋದರು.

ಅವಳಿಗೆ ನೆನಪಿದ್ದದ್ದೇ ಬೇರೆ. ಕೈ ಮರಗಟ್ಟಿತ್ತು. ಒತ್ತಬೇಕೆಂದರೂ ಬೆರಳು ಕೇಳಲಿಲ್ಲ. ಹೆದರಿ ಕಲ್ಲಾದವಳನ್ನು ಜನ ಧೀರೆ ಎಂದರು. ನಿಜ ಗೊತ್ತಿದ್ದವರು ಒಬ್ಬರೇ, ಬೆನ್ನ ಹಿಂದಿದ್ದ ಶೆಟ್ಟಿಗಾರರು. ಯಾವುದಕ್ಕೂ ಅಲುಗದ ಆ ಮನುಷ್ಯ ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಾರೆ ಎಂದು ಅವಳು ನಂಬಿದ್ದಳು. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂದಾಗ ಮೊದಲು ಅನಿಸಿದ್ದು ನಿರಾಳ. ಆ ನಿರಾಳಕ್ಕೆ ಅವಳು ತನ್ನನ್ನು ಕ್ಷಮಿಸಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವಳು ಅರ್ಧ ಗಂಟೆ ಹಿಂದೆಮುಂದೆ ನೋಡಿದ್ದರಿಂದ ಅಳಿವೆಯ ಪಕ್ಕದ ಬೆಂಗ್ರೆಯ ಎಪ್ಪತ್ತು ಮನೆಗಳಿಗೆ ಉಪ್ಪುನೀರು ಹೊಕ್ಕಿತು. ತನಿಖೆಯಲ್ಲಿ ತಪ್ಪಿಲ್ಲವೆಂದು ಬಂತು. ಅವಳು ಮಾತ್ರ ರಾಜೀನಾಮೆ ಬರೆದಳು. ಮೇಲಧಿಕಾರಿ ಅದನ್ನು ತೆಗೆದುಕೊಳ್ಳದೆ, ಮೊದಲು ಲೋಬೋ ಅವರನ್ನು ನೋಡಿ ಬನ್ನಿ ಎಂದಿದ್ದರು.

ಉಸ್ಮಾನ್ ಸೇರಿ ನಿಯಂತ್ರಣ ಕೋಣೆಯ ಐವರು ಕೊಟ್ಟ ಐದು ಪಟ್ಟಿಗಳಾದವು. ಐದರಲ್ಲೂ ಅವಳು ಚೆನ್ನಾಗಿಯೇ ಕಂಡಿದ್ದಳು. ಗಟ್ಟಿ ದನಿ, ಸ್ಥಿರವಾದ ನಡೆ. ಆದರೆ ಪ್ರತಿಯೊಂದರಲ್ಲೂ ಅಡಿಯಲ್ಲಿ ಏನೋ ತಣ್ಣಗೆ ಹರಿಯುತ್ತಿತ್ತು. ಕೇಳಿದಾಗ ಲೋಬೋ, ಅದು ನಿಮ್ಮದೇ ಭಯ, ಪಟ್ಟಿಯೊಳಗೆ ಸೋರಿಕೊಳ್ಳುತ್ತದೆ, ನಾವು ಅದಕ್ಕೆ ಕಲ್ಮಷ ಎನ್ನುತ್ತೇವೆ ಎಂದು ವಿವರಿಸಿದರು.

"ಅಲ್ಲ ಡಾಕ್ಟ್ರೆ," ಎಂದಳು ಹರಿಣಾಕ್ಷಿ. "ನನ್ನ ಹೆದರಿಕೆ ನಂಗೆ ಗೊತ್ತುಂಟು. ಅದು ಗಂಟಲಲ್ಲಿ ಬರುವುದು. ಉಸ್ಮಾನನಲ್ಲಿ ಇದು ಅಂಗೈಯಲ್ಲಿತ್ತು. ನೀರಿನ ಮಟ್ಟ ಬರೆಯುವ ಲೆಕ್ಕಿಗರ ಪಟ್ಟಿಯಲ್ಲಿ ಹಿಂದಿನ ಹಲ್ಲಲ್ಲಿತ್ತು. ಒಬ್ಬೊಬ್ಬರಲ್ಲಿ ಒಂದೊಂದು ಕಡೆ. ಅವರೆಲ್ಲ ನನ್ನನ್ನು ನೋಡುವಾಗ ಎಂತಕ್ಕೆ ಹೆದರುತ್ತಾರೆ?"

ಲೋಬೋ ಮೇಜಿನ ಮೇಲಿದ್ದ ಪಟ್ಟಿಗಳನ್ನು ಸುಮ್ಮನೆ ಸರಿಪಡಿಸಿದರು. ಆಮೇಲೆ, ಶೆಟ್ಟಿಗಾರರು ತನ್ನ ಮೊದಲ ನೋಟದಾನಿಗಳಲ್ಲಿ ಒಬ್ಬರೆಂದೂ, ಸಾಯುವ ಮೊದಲು ಅವರು ಬರೆಸಿದ ಒಂದೇ ಒಂದು ಪಟ್ಟಿಯ ಮೇಲೆ ಹರಿಣಾಕ್ಷಿಯ ಹೆಸರಿದೆಯೆಂದೂ ಹೇಳಿದರು. ಮನೆಯವರು ಒಪ್ಪಿದ್ದಾರೆ, ನೋಡಬೇಕೋ ಬೇಡವೋ ನೀವೇ ಹೇಳಿ ಎಂದರು. ಅವಳು ಮೂರು ದಿನ ಬಿಟ್ಟು ಬಂದಳು.

ಟೊಪ್ಪಿಗೆ ಇಳಿದಾಗ ಮೊದಲು ಬಂದದ್ದು ಲವಂಗದ ರುಚಿ. ಆಮೇಲೆ ಬಲಗಣ್ಣಿನ ಪೊರೆ. ದೀಪಗಳ ಸುತ್ತ ಮಸುಕಾದ ಬಳೆಗಳು. ಸತ್ತ ಮನುಷ್ಯನ ಎದೆಯಲ್ಲಿ ಉಸಿರು ಏರಿ ಇಳಿಯುತ್ತಿತ್ತು, ಅದು ಅವಳ ಉಸಿರೂ ಆಗಿತ್ತು. ಎದುರಿಗೆ ಮೂವತ್ತನಾಲ್ಕರ ಹರಿಣಾಕ್ಷಿಯ ಬೆನ್ನು. ಅದರಾಚೆ ಗಾಜು, ಗಾಜಿನಾಚೆ ಬೂದಿಬಣ್ಣದ ಕಡಲು ಎದ್ದು ಬರುತ್ತಿತ್ತು. ಗಣಕ ಕೂಗುತ್ತಿತ್ತು. ಆಗ ಅವರ ಮೊಣಕಾಲುಗಳು ಕುಸಿಯತೊಡಗಿದವು. ಬೀಳಬಾರದೆಂದು ಒಂದು ಕೈ ಬೆನ್ನ ಹಿಂದೆ ಮೇಜಿನ ಅಂಚನ್ನು ಹಿಡಿಯಿತು. ಬಾಯಿ ತೆರೆಯಿತು, ನಾಲಗೆ ಬಾಯೊಳಗೆ ಮರದ ತುಂಡಿನಂತೆ ಬಿದ್ದಿತ್ತು. ಮುಚ್ಚು ಎನ್ನಲೂ ಆಗಲಿಲ್ಲ, ತಡೆ ಎನ್ನಲೂ ಆಗಲಿಲ್ಲ. ನಲವತ್ತು ನಿಮಿಷ ಅವಳು ಆ ಕಾಲುಗಳ ಮೇಲೆ ನಿಂತಳು.

ಮತ್ತು ಗಾಜಿನ ಮೇಲೆ ಬಿದ್ದಿದ್ದ ಪ್ರತಿಬಿಂಬದಲ್ಲಿ, ಎದುರಿಗಿದ್ದ ಹೆಂಗಸಿನ ತುಟಿಗಳು ಅಲುಗುತ್ತಿದ್ದವು. ಪತ್ತೊಂಜಿ. ಪದ್ರಾಡ್. ಹನ್ನೊಂದು, ಹನ್ನೆರಡು: ಅಮ್ಮ ಮೀನು ಎಣಿಸುತ್ತಿದ್ದ ತುಳುವಿನಲ್ಲಿ ಅವಳು ಒಳಬರುವ ದೋಣಿಗಳನ್ನು ಎಣಿಸುತ್ತಿದ್ದಳು. ಪದ್ಮೂಜಿ. ಪದ್ನಾಲ್. ಎಣಿಕೆ ಮುಗಿದದ್ದೇ ಬೆರಳು ಕೆಳಗಿಳಿಯಿತು.

ಟೊಪ್ಪಿಗೆ ತೆಗೆದ ಮೇಲೆಯೂ ಅವಳಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ತನ್ನ ಕೈ ಮರಗಟ್ಟಿರಲಿಲ್ಲ, ದೋಣಿಗಳಿಗೆ ಕಾದಿತ್ತು ಎಂದು ಹೆಮ್ಮೆಯಾಗಬೇಕಿತ್ತು, ಆಗಲಿಲ್ಲ. ಎಂಟು ವರ್ಷ ಅವಳು ಆ ಮನುಷ್ಯನಿಗೆ ಒರಗಿಕೊಂಡಿದ್ದಳು, ಅವರಿಗೆ ಹೆದರಿಯೂ ಇದ್ದಳು. ತಾನು ವೇಷವಾದರೆ ಅಸಲಿ ಅವರು. ಈಗ ನೋಡಿದರೆ ಬೆನ್ನ ಹಿಂದೆ ಯಾರೂ ಇರಲಿಲ್ಲ. ಇಡೀ ಊರನ್ನು ಕಾಯುವ ಕೋಣೆಯಲ್ಲಿ ಬಲ್ಲವರೆಂಬ ಒಬ್ಬರೂ ಇರಲಿಲ್ಲ.

ಹದಿನೈದು ದಿನಕ್ಕೆ ತುಫಾನು ಬಂತು. ಮಧ್ಯಾಹ್ನದ ಊಟದ ಹೊತ್ತು. ಹೊಳೆಯಲ್ಲಿ ನೆರೆಯಿತ್ತು. ಕಡಲು ಏರಲು ಇನ್ನೂ ಎರಡು ಗಂಟೆ ಸಮಯವಿದೆ, ಬಾಗಿಲು ತೆರೆದೇ ಇರಲಿ ಎಂದು ಗಣಕ ಹೇಳಿತು. ಹರಿಣಾಕ್ಷಿಗೆ ಅದು ಸರಿ ಕಾಣಲಿಲ್ಲ, ಆದರೆ ಏಕೆಂದು ಹೇಳಲು ಆಧಾರವೂ ಇರಲಿಲ್ಲ. ಕೋಣೆಯ ಐದೂ ಜನ ಅವಳನ್ನೇ ನೋಡುತ್ತಿದ್ದರು. ಯಾರ ಅಂಗೈ ಬೆವರುತ್ತಿದೆ, ಯಾರು ಹಲ್ಲು ಕಚ್ಚಿದ್ದಾರೆ ಎಂಬುದು ಅವಳಿಗೆ ತಿಳಿದಿತ್ತು. ಮೊದಲಾಗಿದ್ದರೆ ಮುಖ ಗಟ್ಟಿ ಮಾಡಿಕೊಂಡು ಪರದೆಯತ್ತ ತಿರುಗುತ್ತಿದ್ದಳು.

"ನನಗೆ ಗೊತ್ತಾಗುತ್ತಾ ಇಲ್ಲ," ಎಂದಳು. "ನಿಮಗೆ ಯಾರಿಗಾದ್ರೂ ಏನಾದ್ರೂ ಕಂಡದ್ದುಂಟಾ? ಸಣ್ಣದಾದ್ರೂ ಹೇಳಿ."

ಉಸ್ಮಾನ್ ಎರಡು ಸಲ ಬಾಯಿ ತೆರೆದು ಮುಚ್ಚಿದ. ಅವನು ಈ ಕೆಲಸಕ್ಕೆ ಸೇರುವ ಮೊದಲು ಹತ್ತು ವರ್ಷ ದೋಣಿಯಲ್ಲಿದ್ದವನು.

"ಬೆಳಿಗ್ಗೆಯಿಂದ ಅಳಿವೆಯಲ್ಲಿ ನೀರು ಅಡಿಯಿಂದ ಮೇಲೆ ಮಗುಚುತ್ತಾ ಉಂಟು ಮೇಡಂ," ಎಂದ. "ಕೆಂಪು ಮಣ್ಣಿನ ಅಡಿಗೆ ಕಪ್ಪು ಕಾಣುತ್ತದೆ. ಹಾಗೆ ಕಂಡರೆ ಕಡಲು ಹತ್ತಿರವೇ ಉಂಟು ಅಂತ ನಮ್ಮ ಅಪ್ಪ ಹೇಳ್ತಿದ್ರು. ಓದಿದವರ ಮುಂದೆ ಇದನ್ನೆಲ್ಲ ಹೇಗೆ ಹೇಳುವುದು ಅಂತ ಸುಮ್ಮನಿದ್ದೆ."

ಅವನ ಬೆನ್ನಿಗೇ ಇನ್ನೊಬ್ಬಳು, ನೀರಿನ ಮಟ್ಟದ ಎರಡನೇ ಅಳತೆಗೋಲು ಮುಂಜಾನೆಯಿಂದ ಒಂದೇ ಅಂಕಿ ತೋರಿಸುತ್ತಿದೆ, ತಾನೇ ಏನೋ ತಪ್ಪು ಮಾಡಿರಬೇಕೆಂದು ಹೇಳಲಿಲ್ಲ ಎಂದಳು. ಹರಿಣಾಕ್ಷಿ ಬಾಗಿಲು ಮುಚ್ಚಿಸಿದಳು. ಮೂವತ್ತೈದು ನಿಮಿಷಕ್ಕೆ ಕಡಲು ಬಂದು ಉಕ್ಕಿಗೆ ಹೊಡೆಯಿತು. ಕಟ್ಟಡ ಕಂಪಿಸಿತು, ಬಾಗಿಲು ನಿಂತಿತು. ಒಳಗೆ ಹೊಳೆಯ ನೀರು ದಂಡೆಯ ರಸ್ತೆಗೆ ಮೊಣಕಾಲುದ್ದ ಏರಿ ಸಂಜೆಗೆ ಇಳಿಯಿತು. ಬೆಂಗ್ರೆಯ ಮನೆಗಳು ಉಳಿದವು.

ಅಂದಿನಿಂದ ಕೇಂದ್ರದಲ್ಲಿ ಮಾತು ಹೆಚ್ಚಾಯಿತು. ಗೊತ್ತಿಲ್ಲ ಎನ್ನಲು ಯಾರೂ ನಾಚಲಿಲ್ಲ. ಹರಿಣಾಕ್ಷಿಯ ಭಯ ಹೋಗಿರಲಿಲ್ಲ, ಆದರೆ ಅದನ್ನು ಬಚ್ಚಿಡುವ ಕೆಲಸ ತಪ್ಪಿತ್ತು. ಅವಳು ರಾಜೀನಾಮೆಯನ್ನು ವಾಪಸು ಪಡೆದಳು.

ಎರಡು ತಿಂಗಳ ಮೇಲೆ ಲೋಬೋ ಕರೆಸಿದರು. ಪರನೋಟಕಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿತ್ತು. ಕರಾವಳಿಯ ಏಳೂ ಅಳಿವೆ ಬಾಗಿಲುಗಳ ಮುಖ್ಯಸ್ಥರಿಗೆ ಈ ಚಿಕಿತ್ಸೆ ಕಡ್ಡಾಯ ಎಂದು ಆದೇಶವಾಗಿತ್ತು. ಅದರಲ್ಲಿ ಶೆಟ್ಟಿಗಾರರ ಪಟ್ಟಿಯನ್ನು ಮಾದರಿಯಾಗಿ ಎಲ್ಲರಿಗೂ ತೋರಿಸುತ್ತಾರಂತೆ. ಒಂದು ಷರತ್ತಿತ್ತು. ತಣ್ಣನೆಯ ಆ ಭಯದ ಬಗ್ಗೆ ಬೇರೆ ರೋಗಿಗಳೂ ದೂರಿದ್ದರಿಂದ ಕಲ್ಮಷವನ್ನು ತೆಗೆಯಬೇಕು. ಲೋಬೋ ಅದಕ್ಕೊಂದು ಭಾವಜರಡಿ ಮಾಡಿದ್ದರು. ಹೇಗಿದೆ ನೋಡಿ ಹೇಳಿ ಎಂದು ಅವಳನ್ನು ಕೂರಿಸಿದರು.

ಅದೇ ಲವಂಗ, ಅದೇ ಕಡಲು. ಕಾಲುಗಳು ಮಾತ್ರ ಕಲ್ಲಿನ ಕಂಬಗಳಾಗಿದ್ದವು. ಎದೆಯಲ್ಲಿ ಏನೂ ಇರಲಿಲ್ಲ. ಒಳಗೆ ಯಾರೂ ವಾಸವಿಲ್ಲದ ಕಣ್ಣುಗಳು ನೆಟ್ಟನೆ ನೋಡುತ್ತಿದ್ದವು. ಆ ನೋಟದಲ್ಲಿ ಎಂಥ ಸುಖವಿತ್ತೆಂದರೆ ಅವಳಿಗೆ ಅಲ್ಲೇ ಇದ್ದುಬಿಡೋಣ ಎನಿಸಿತು. ಬೆನ್ನ ಹಿಂದೆ ಎಲ್ಲ ಬಲ್ಲವರೊಬ್ಬರು ನಿಂತಿದ್ದಾರೆ, ಅವರು ಹೆದರುವುದಿಲ್ಲ. ಅವಳು ತಾನೇ ಟೊಪ್ಪಿಗೆಯನ್ನು ಕಿತ್ತು ತೆಗೆದಳು.

"ಮೂಲ ಪಟ್ಟಿ ಎಲ್ಲುಂಟು?"

"ಅಳಿಸಿ ಆಯ್ತು. ನಿಯಮ ಹಾಗೆ."

"ಹಾಗಾದ್ರೆ ಶೆಟ್ಟಿಗಾರರು ಹೆದರಿದ್ದು ಈಗ ನನ್ನೊಳಗೆ ಮಾತ್ರ ಉಂಟು," ಎಂದಳು ಹರಿಣಾಕ್ಷಿ. "ಅದನ್ನು ಬರೆದುಕೊಳ್ಳಿ ಡಾಕ್ಟ್ರೆ. ಜರಡಿ ಹಾಕ್ಬೇಡಿ."

ಲೋಬೋ ಕಿಟಕಿಯ ಬಳಿಗೆ ಹೋಗಿ ಬೆನ್ನು ಮಾಡಿ ನಿಂತರು. ಗೊತ್ತಾದರೆ ತನ್ನ ಪರವಾನಗಿ ಹೋಗುತ್ತದೆ ಎಂದು ನಿಧಾನವಾಗಿ ಹೇಳಿದರು.

"ನಾನು ಅದಕ್ಕೆ ಕಲ್ಮಷ ಅಂತ ಯಾಕೆ ಹೆಸರಿಟ್ಟೆ, ಗೊತ್ತುಂಟಾ?" ಎಂದರು ತಿರುಗದೆ. "ಯಂತ್ರದ ಮೊದಲ ಪಟ್ಟಿ ನನ್ನದೇ. ನನ್ನ ರೋಗಿಯೊಬ್ಬರನ್ನು ನಾನು ನೋಡಿದ ನೆನಪು. ಅದರಲ್ಲೇ ಆ ಭಯ ಮೊದಲು ಸಿಕ್ಕಿದ್ದು, ನನ್ನದೇ ಭಯ. ಯಂತ್ರದ್ದೇ ದೋಷ ಅಂತ ಬರೆದಿಟ್ಟೆ."

ಆಮೇಲೆ ಅವರು ಬಂದು ಜರಡಿಯ ತಂತಿಯನ್ನು ಕಿತ್ತರು. ಟೊಪ್ಪಿಗೆಯನ್ನು ಅವಳ ತಲೆಗೆ ಇಳಿಸುವಾಗ ಅವರ ಕೈ ನಡುಗುತ್ತಿತ್ತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ. ಹೊಸ ಪಟ್ಟಿ ತಿರುಗತೊಡಗಿತು. ಹರಿಣಾಕ್ಷಿ ಕಣ್ಣು ಮುಚ್ಚಿ, ಕುಸಿಯುತ್ತಿದ್ದ ಆ ಕಾಲುಗಳ ಮೇಲೆ ಇನ್ನೊಮ್ಮೆ ನಿಂತಳು, ಮುಂದೆ ಬರುವವರಿಗೆ ಗೊತ್ತಿರಲೆಂದು.