ಸ್ಕ್ಯಾನ್ ಕೋಣೆಯ ನಲವತ್ತು ನಿಮಿಷ

ಎಂಆರ್‌ಐ ಕೋಣೆಯೊಳಗೆ ಬಂದ ಟೆಕ್ನಿಷಿಯನ್‌ನನ್ನು ಕಂಡು ಸ್ಕ್ಯಾನಿಗೆ ಮಲಗಿದ್ದ ವಿಜೇತಾ ಅರ್ಧ ಎದ್ದಳು.

ಶಿವಪುತ್ರ... ಚೆಂಬೂರಿನಲ್ಲಿ ಅಪ್ಪನ ಹೋಟೆಲಿಗೆ ಊಟಕ್ಕೆ ಬರುತ್ತ ಮನಸ್ಸು ಕದ್ದವನು. ಎರಡು ತಿಂಗಳಿಂದ ಒಂದು ಫೋನೂ ಮಾಡದವನು.

"ಬ್ಯಾರೆಯವರನ್ನ ಕಳಸ್ಲೇನ್ರಿ?"

"ಬೇಡ. ನಿಮ್ಮ ಕೆಲಸ ನೀವು ಮಾಡಿ."

ಮೈಗ್ರೇನ್ ಸಂಶೋಧನೆಗೆ ಅವಳು ತಾನಾಗಿ ಒಪ್ಪಿ ಬಂದಿದ್ದಳು. ಕೈಗೆ ಹಾಕಿದ್ದ ಡ್ರಿಪ್‌ನಲ್ಲಿದ್ದದ್ದು ಮೈಗ್ರೇನ್ ಬಂದಾಗ ನರಗಳೇ ಸೂಸುವ ಪೆಪ್ಟೈಡ್ ಎಂಬ ರಾಸಾಯನಿಕ. ಅದರಿಂದ ಮೆದುಳಿನ ಹೊದಿಕೆಯ ರಕ್ತನಾಳ ಹಿಗ್ಗುತ್ತದೆ, ತಲೆ ನೋಯುತ್ತದೆ. ನಂತರದ ಇಂಜೆಕ್ಷನ್ ಆ ನಾಳವನ್ನು ಎಷ್ಟು ಕುಗ್ಗಿಸುತ್ತದೆಂದು ಡಾಕ್ಟರ್ ಅನುರಾಧಾ ಅಳೆಯುತ್ತಾರೆ.

ಆದರೆ ವರ್ಷಗಳ ಹಿಂದೆ ಅವಳ ಅಮ್ಮ ತಲೆನೋವೆಂದು ಮಲಗಿದವರು ಏಳಲೇ ಇಲ್ಲ. ಮೆದುಳಿನ ನಾಳ ಒಡೆದಿತ್ತು. 'ಅದು ಬೇರೆ ಕಾಯಿಲೆ' ಎಂದಿದ್ದರು ಡಾಕ್ಟರ್. ಬುದ್ಧಿ ಒಪ್ಪಿತ್ತು, ಭಯ ಒಪ್ಪಿರಲಿಲ್ಲ.

ಯಂತ್ರ ಗಡಗಡ ಎನ್ನತೊಡಗಿತು. ಮುಖ ಬಿಸಿಯಾಯಿತು. ಎಡಗಣ್ಣಿನ ಹಿಂದೆ ನೋವು ಮಿಡಿಯಿತು... ಹೆಚ್ಚಿತು.

'ಒಡೆದರೆ? ಅಪ್ಪ ಒಬ್ಬರೇ ಆಗ್ತಾರೆ...'

ಸಹಾಯಕ್ಕೆ ಕರೆಯಲೆಂದು ಕೈಗೆ ಕೊಟ್ಟಿದ್ದ ಗುಂಡಿ ಹಿಸುಕಿದಳು.

ಶಿವಪುತ್ರ ಓಡಿ ಬಂದು ಅವಳನ್ನು ಹೊರಗೆಳೆದ. ಹಿಂದೆಯೇ ಬಂದ ಡಾಕ್ಟರ್ ನಾಡಿ, ಕಣ್ಣು ಪರೀಕ್ಷಿಸಿದರು. "ಮೈಗ್ರೇನೇ, ಬೇರೇನಿಲ್ಲ," ಎಂದು ಇಂಜೆಕ್ಷನ್ ಕೊಟ್ಟರು. "ಸುಧಾರಿಸಿಕೊ. ಬೇಡ ಅನಿಸಿದರೆ ಇಲ್ಲಿಗೇ ನಿಲ್ಲಿಸೋಣ."

ಅವರು ಹೊರಹೋದ ಮೇಲೆ ಶಿವಪುತ್ರ ದೀಪ ಆರಿಸಿದ.

"ನಿನಗ ಬೆಳಕ ಆಗೂದಿಲ್ಲಲ್ಲ..."

"ಅಷ್ಟು ನೆನಪಿದ್ದವರು ಫೋನ್ ಯಾಕೆ ಮಾಡ್ಲಿಲ್ಲ?"

"ನೀನ ಮೆಸೇಜ್ ಹಾಕಿದ್ದಿ. 'ಬರಬೇಡಿ, ಫೋನ್ ಮಾಡಬೇಡಿ' ಅಂತ."

ಅವಳಿಗೆ ನೆನಪಾಯಿತು. ಅಂದು ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಅವನನ್ನು ಭೇಟಿಯಾಗಬೇಕಿತ್ತು. ಕಣ್ಣು ಬಿಡಲಾಗದೆ ಆ ಮೂರು ಪದ ಒತ್ತಿ ಮೊಬೈಲ್ ಎಸೆದಿದ್ದಳು.

"ಅಯ್ಯೋ... ತಲೆ ಸಿಡೀತಿತ್ತು ಮಾರಾಯ್ರೆ. ಆ ಒಂದು ದಿನಕ್ಕೆ ಹೇಳಿದ್ದು. ಮರುದಿನ ನಿಮ್ಮ ಫೋನಿಗೆ ಎಷ್ಟು ಕಾದೆ ಗೊತ್ತುಂಟಾ?"

"ನಾ ಜನ್ಮಕ್ಕ ಬ್ಯಾಡಂದಿ ಅಂತ ತಿಳಕೊಂಡೆ."

ಕತ್ತಲಲ್ಲಿ ನೋವು ಮೆಲ್ಲನೆ ಇಳಿಯುತ್ತಿತ್ತು.

"ಮತ್ತ ಒಳಗ ಹೋಗ್ತೀ?"

"ಹೆದರಿಕೆ ಆಗ್ತದೆ."

"ನನಗೂ ಅಂಜಿಕಿ ಅದ. ನೀ ಕರದಾಗ ಕೈಕಾಲ ಆಡಲಿಲ್ಲ... ನಿನ್ನ ಬಿಟ್ಟು ನನಗ ಇರಲಿಕ್ಕಾಗೂದಿಲ್ಲ, ವಿಜೇತಾ."

ಕಣ್ಣೊರೆಸಿಕೊಂಡು ಅವಳು ಮತ್ತೆ ಯಂತ್ರದೊಳಗೆ ಮಲಗಿದಳು.

ಕೊನೆಗೆ ಡಾಕ್ಟರ್ ಪರದೆಯಲ್ಲಿ ತೋರಿಸಿದರು: ಕೂದಲೆಳೆಯಷ್ಟು ಹಿಗ್ಗಿದ್ದ ನಾಳ ಕುಗ್ಗಿತ್ತು. ಅಮ್ಮನಿಗಿದ್ದಂಥ ದೋಷ ಎಲ್ಲಿಯೂ ಕಾಣಲಿಲ್ಲ. ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರೊಂದು ಅವಳಿಂದ ಹೊರಬಂತು.

ಬಾಗಿಲಲ್ಲಿ ಅವಳೆಂದಳು, "ನಾಳೆ ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

"ಏನಂತ?"

"ತಲೆನೋವು ಸಮೇತ ಇವಳು ಬೇಕು ಅಂತ."

ಅವನು ಅವಳ ಕೈ ಹಿಡಿದ. "ಇವತ್ತ ಬಂದ್ರ ಆಗಂಗಿಲ್ಲೇನು?"